ಪ್ಲಾಸ್ಮಾ ಉಳಿಸಿತೇ? ನಾನೇ ಕೂಡಿ ಕಳೆದು ನೋಡಿದ ಲೆಕ್ಕ

ಕೋವಿಡ್‌ನ ಮೊದಲ ವರ್ಷ ನನ್ನ ಮೊಬೈಲ್‌ಗೆ ಪದೇ ಪದೇ ಬರುತ್ತಿದ್ದದ್ದು ಒಂದೇ ಸಂದೇಶ: ‘ಬಿ ಪಾಸಿಟಿವ್ ಪ್ಲಾಸ್ಮಾ ತುರ್ತಾಗಿ ಬೇಕು.’ ಪ್ಲಾಸ್ಮಾ ಎಂದರೆ ಕೋವಿಡ್‌ನಿಂದ ಗುಣವಾದವರ ರಕ್ತದಿಂದ ತೆಗೆದ ದ್ರವಭಾಗ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವವಳು. ದಾನಿಗಳನ್ನು ಹುಡುಕುತ್ತ ನಾನೂ ನಿದ್ದೆಗೆಟ್ಟಿದ್ದೇನೆ. ಅತ್ತಿಗೆಯ ತಂದೆಗೆ ಪ್ಲಾಸ್ಮಾ ಕೊಡಿಸಿದೆವು, ಅವರು ಗುಣವಾಗಿ ಮನೆಗೆ ಬಂದರು. ‘ಅಪ್ಪನನ್ನು ಉಳಿಸಿದ್ದೇ ಪ್ಲಾಸ್ಮಾ’ ಎಂದು ಅತ್ತಿಗೆ ಎಲ್ಲರಿಗೂ ಹೇಳಿದರು. ನಾನೂ ಹಾಗೆಯೇ ನಂಬಿದ್ದೆ.

2020ರ ಅಕ್ಟೋಬರ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದ ಫಲಿತಾಂಶ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಪ್ರಕಟವಾಯಿತು. ದೇಶದ 39 ಆಸ್ಪತ್ರೆಗಳು, ಮಧ್ಯಮ ತೀವ್ರತೆಯ ಕಾಯಿಲೆಯ 464 ರೋಗಿಗಳು. ಯಾರಿಗೆ ಪ್ಲಾಸ್ಮಾ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರು. ಪ್ಲಾಸ್ಮಾ ಪಡೆಯುವ ಗುಂಪಿನ 235 ಜನರಲ್ಲಿ 44 ಮಂದಿಗೆ 28 ದಿನಗಳೊಳಗೆ ಕಾಯಿಲೆ ಉಲ್ಬಣಿಸಿತು ಇಲ್ಲವೇ ಅವರು ತೀರಿಕೊಂಡರು. ಇನ್ನೊಂದು ಗುಂಪಿನ 229ರಲ್ಲಿ ಹಾಗಾದವರು 41.

ಕಂಪ್ಯೂಟರ್ ಬಿಟ್ಟು ಹಾಳೆ ತೆಗೆದುಕೊಂಡೆ. ಕೈಯಾರೆ ಮಾಡಿದರೆ ಮಾತ್ರ ನನಗೆ ಲೆಕ್ಕ ಮನಸ್ಸಿಗೆ ಇಳಿಯುವುದು. ಮೊದಲು ಶೂನ್ಯ ಪ್ರಾಕ್ಕಲ್ಪನೆ ಬರೆದೆ: ಪ್ಲಾಸ್ಮಾದಿಂದ ಯಾವ ವ್ಯತ್ಯಾಸವೂ ಇಲ್ಲ. ಅದು ನಿಜವಾದರೆ, ಒಟ್ಟು 85 ಕೆಟ್ಟ ಪರಿಣಾಮಗಳು ಗುಂಪಿನ ಗಾತ್ರಕ್ಕೆ ತಕ್ಕಂತೆ ಹಂಚಿಹೋಗಬೇಕು. 235ನ್ನು 85ರಿಂದ ಗುಣಿಸಿ 464ರಿಂದ ಭಾಗಿಸಿದೆ. ಬಂದದ್ದು 43.05. ಆಸ್ಪತ್ರೆಗಳಲ್ಲಿ ಕಂಡದ್ದು 44! ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಎರಡು ಗುಂಪು, ಕೆಟ್ಟ ಪರಿಣಾಮ ಆದವರು ಮತ್ತು ಆಗದವರು, ಹೀಗೆ ಕೋಷ್ಟಕದಲ್ಲಿ ನಾಲ್ಕು ಮನೆ. ನಾಲ್ಕರಲ್ಲೂ ಕಂಡದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿದಾಗ ಬರುವ ‘ಕೈ-ವರ್ಗ’ದ (chi-square) ಬೆಲೆ 0.05. ಶೇ 5ರ ಮಟ್ಟದಲ್ಲಿ, ಎಂದರೆ ವ್ಯತ್ಯಾಸವೇ ಇಲ್ಲದಿದ್ದಾಗ ಇದೆ ಎಂದು ತಪ್ಪಾಗಿ ಹೇಳುವ ಸಾಧ್ಯತೆಯನ್ನು ನೂರಕ್ಕೆ ಐದಕ್ಕೆ ಮಿತಿಗೊಳಿಸಿ, ಶೂನ್ಯ ಪ್ರಾಕ್ಕಲ್ಪನೆಯನ್ನು ತಳ್ಳಿಹಾಕಲು ಅದು 3.84 ದಾಟಬೇಕಿತ್ತು.

ಲೆಕ್ಕ ತಪ್ಪಿರಬಹುದೆಂದು, ನಿಜಕ್ಕೂ ಕೆಲಸ ಮಾಡಿದ ಔಷಧಿಯೊಂದರ ಮೇಲೆ ಅದೇ ವಿಧಾನವನ್ನು ಹಚ್ಚಿ ನೋಡಿದೆ. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ, ಔಷಧಿ ಪಡೆದ 55 ಕ್ಷಯರೋಗಿಗಳಲ್ಲಿ ಆರು ತಿಂಗಳೊಳಗೆ ಸತ್ತವರು 4. ಹಾಸಿಗೆಯ ವಿಶ್ರಾಂತಿಯನ್ನಷ್ಟೇ ಪಡೆದ 52ರಲ್ಲಿ 14. ಅಲ್ಲಿ ಬೆಲೆ 7.4. ಗುಣ ಅಷ್ಟು ದೊಡ್ಡದಿದ್ದರೆ ನೂರೇಳು ಜನರಲ್ಲೇ ಎದ್ದು ಕಾಣಬಹುದು.

ಆದರೂ ‘ಪ್ಲಾಸ್ಮಾ ನಿಷ್ಪ್ರಯೋಜಕ ಎಂದು ಸಾಬೀತಾಯಿತು’ ಎಂದು ತರಗತಿಯಲ್ಲಿ ಹೇಳಲಿಲ್ಲ. ವಿದ್ಯಾರ್ಥಿಗಳು ಎಡವುವುದೇ ಇಲ್ಲಿ. ಶೂನ್ಯವನ್ನು ತಳ್ಳಿಹಾಕಲು ಆಗಲಿಲ್ಲ ಎಂದರೆ ಅಷ್ಟೇ ಅರ್ಥ. ಪ್ಲಾಸ್ಮಾ ಪ್ರಯೋಗದಲ್ಲಿ ಸಾಪೇಕ್ಷ ಅಪಾಯದ (ಒಂದು ಗುಂಪಿನ ಅಪಾಯ ಇನ್ನೊಂದರದ್ದರ ಎಷ್ಟು ಪಟ್ಟು ಎಂಬ ಸಂಖ್ಯೆ; 1 ಎಂದರೆ ಸಮ) ಶೇ 95 ವಿಶ್ವಾಸ ವ್ಯಾಪ್ತಿ, ಎಂದರೆ ದತ್ತಾಂಶಕ್ಕೆ ಹೊಂದುವ ಬೆಲೆಗಳ ಹರವು, 0.71ರಿಂದ 1.54ರವರೆಗೆ ಚಾಚಿತ್ತು. ಅಂದರೆ ಗಣನೀಯ ಲಾಭವನ್ನಾಗಲಿ ಗಣನೀಯ ಹಾನಿಯನ್ನಾಗಲಿ ಅದು ಅಲ್ಲಗಳೆಯಲಿಲ್ಲ. ಆ ಸಂದೇಹ ತೀರಲು ಬ್ರಿಟನ್ನಿನ ರಿಕವರಿ ಪ್ರಯೋಗದ 11,558 ರೋಗಿಗಳು ಬೇಕಾದರು. ಅಲ್ಲಿ ಎರಡೂ ಗುಂಪುಗಳಲ್ಲಿ 28 ದಿನಗಳೊಳಗೆ ಸತ್ತವರು ಶೇ 24. ಅದು 2021ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅದೇ ತಿಂಗಳು ನಮ್ಮ ದೇಶದ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟರು.

ಆ ಹಾಳೆಯನ್ನು ಅತ್ತಿಗೆಗೂ ತೋರಿಸಿದೆ. ಪ್ಲಾಸ್ಮಾ ಇಲ್ಲದ ಗುಂಪಿನಲ್ಲಿ ಉಲ್ಬಣವಿಲ್ಲದೆ ಬದುಕಿದ 188 ಜನರ ಮೇಲೆ ಬೆರಳಿಟ್ಟು, ‘ಇವರಿಗೆ ಏನೂ ಕೊಡಲಿಲ್ಲವೇನಮ್ಮಾ?’ ಎಂದು ಕೇಳಿದರು.

‘ಔಷಧಿ, ಆರೈಕೆ ಎಲ್ಲ ಕೊಟ್ಟಿದ್ದರು ಅತ್ತಿಗೆ, ನಿಮ್ಮ ತಂದೆಯವರಿಗೆ ಕೊಟ್ಟ ಹಾಗೆಯೇ. ಪ್ಲಾಸ್ಮಾ ಒಂದನ್ನು ಬಿಟ್ಟು’ ಎಂದೆ.