ಒಂದು ಜೋವೆಟ್ ಜ್ಯೂಪಿಟರ್ ಕಾರಿನ ಪೂರ್ವಾಪರವನ್ನು ಪತ್ತೆಹಚ್ಚುವ ಬಗೆ

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬ್ರ್ಯಾಡ್‌ಫರ್ಡ್ ಪಕ್ಕದ ಐಡಲ್ ಎಂಬ ಊರಿನಲ್ಲಿ ಜೋವೆಟ್ ಕಂಪನಿಯು 1950ರಿಂದ 1954ರವರೆಗೆ ಮಾತ್ರ ತಯಾರಿಸಿದ ಸ್ಪೋರ್ಟ್ಸ್ ಕಾರು ಜ್ಯೂಪಿಟರ್. ಒಟ್ಟು ಹೊರಬಂದವು ಸುಮಾರು 900. ಸಂಖ್ಯೆ ಇಷ್ಟು ಚಿಕ್ಕದಾದ್ದರಿಂದಲೇ ಪ್ರತಿಯೊಂದು ಕಾರಿನ ಚರಿತ್ರೆಯನ್ನೂ ಬಿಡಿಯಾಗಿ ಬರೆಯಲು ಸಾಧ್ಯವಿದೆ, ಬರೆಯಲೂಬೇಕು. ಆ ಕೆಲಸವನ್ನು ಮಾರಾಟಗಾರರ ಮಾತಿನಿಂದಲ್ಲ, ಕಾರಿನಿಂದಲೇ ಆರಂಭಿಸಬೇಕು.

ಮೊದಲು ಚಾಸಿಯ, ಎಂದರೆ ಕಾರಿನ ಆಧಾರ ಚೌಕಟ್ಟಿನ, ಸಂಖ್ಯೆಯ ಫಲಕವನ್ನು ಓದಿ. ಅದು 'ಇ' ಅಕ್ಷರದಿಂದ ಆರಂಭವಾಗುತ್ತದೆ. ಅದರ ಪಕ್ಕದ ಅಂಕಿ ವರ್ಷವನ್ನು ತಿಳಿಸುತ್ತದೆ. ಸೊನ್ನೆ ಇದ್ದರೆ 1950, ಒಂದು ಇದ್ದರೆ 1951. ನಂತರದ 'ಎಸ್‌ಎ' ಎಂಬುದು ಮೊದಲ ಮಾದರಿಯನ್ನೂ 'ಎಸ್‌ಸಿ' ಎಂಬುದು ಸುಧಾರಿತ ಮಾರ್ಕ್ 1ಎ ಮಾದರಿಯನ್ನೂ ಸೂಚಿಸುತ್ತವೆ. ಕೊನೆಯ 'ಆರ್' ಅಥವಾ 'ಎಲ್' ಸ್ಟೀರಿಂಗ್ ಬಲಕ್ಕಿದೆಯೋ ಎಡಕ್ಕಿದೆಯೋ ಎಂಬುದನ್ನು ಹೇಳುತ್ತದೆ. ಈ ಕೊನೆಯ ಅಕ್ಷರವನ್ನು ಹಗುರವಾಗಿ ಕಾಣಬೇಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ರಫ್ತು ಮಾಡುವವರಿಗೇ ಉಕ್ಕು ಸಿಗುತ್ತಿದ್ದ ಕಾಲದಲ್ಲಿ ವಿದೇಶಿ ವಿನಿಮಯ ಗಳಿಸಬೇಕೆಂದು ಯೋಜಿಸಿದ ಕಾರು ಇದು. 'ಎಲ್' ಇದ್ದರೆ ಹುಡುಕಾಟವನ್ನು ಬ್ರಿಟನ್ನಿನ ಹೊರಗೆ ಆರಂಭಿಸುವುದೇ ಲೇಸು.

ಆಮೇಲೆ ಬಾನೆಟ್ ಎತ್ತಿ. ಜ್ಯೂಪಿಟರಿನ ಬಾನೆಟ್ ಹಿಂಬದಿಯ ಕೀಲಿನ ಮೇಲೆ ಮೊಸಳೆ ಬಾಯಿ ತೆರೆದಂತೆ ಏಳುತ್ತದೆ. ಒಳಗೆ, ಮುಂಭಾಗದಲ್ಲಿಯೇ, ಎರಡೆರಡು ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿದ 1486 ಸಿಸಿ ಎಂಜಿನ್ ತೀರಾ ತಗ್ಗಿನಲ್ಲಿ ಕುಳಿತಿರುತ್ತದೆ. ರೇಡಿಯೇಟರ್ ಅದರ ಮುಂದಲ್ಲ, ಹಿಂದೆ ಇದೆ. ಜೋವೆಟ್‌ನ ವಿನ್ಯಾಸಕ ಜೆರಾಲ್ಡ್ ಪಾಮರ್ ಜಾವೆಲಿನ್ ಎಂಬ ಸಂಸಾರಸ್ಥರ ಕಾರಿಗಾಗಿ ರೂಪಿಸಿದ್ದ ಎಂಜಿನ್ ಇದು. ಅದರ 50 ಅಶ್ವಶಕ್ತಿಯನ್ನು ಜ್ಯೂಪಿಟರ್‌ನಲ್ಲಿ 60ಕ್ಕೆ ಏರಿಸಲಾಯಿತು. ಎಂಜಿನ್ ಸಂಖ್ಯೆ ಚಾಸಿ ಸಂಖ್ಯೆಗೆ ಹೊಂದಿಕೆಯಾಗುತ್ತದೆಯೇ ನೋಡಿ. ಕಾರ್ಖಾನೆಯಿಂದ ಹೊರಟಾಗ ಎರಡೂ ಒಂದೇ ಆಗಿದ್ದವು. ಹೊಂದದಿದ್ದರೆ ಅದನ್ನು ಮೋಸವೆಂದು ತೀರ್ಮಾನಿಸಬೇಡಿ. ಆರಂಭದ ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತಿತ್ತು, ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು. ಬದಲಾಯಿಸಿದ ಎಂಜಿನ್ ಕೂಡ ಆ ಕಾರಿನ ಚರಿತ್ರೆಯ ಒಂದು ಪುಟವೇ. ಗೇರ್‌ಬಾಕ್ಸಿನ ವಿಷಯವೂ ಹಾಗೆಯೇ: ಹೊರಗಿನಿಂದ ತರಿಸುತ್ತಿದ್ದುದನ್ನು ಕಂಪನಿಯು ತಾನೇ ತಯಾರಿಸಲು ಹೊರಟಾಗ ದೋಷಗಳು ಕಾಣಿಸಿಕೊಂಡು, ಹೆಸರಿಗೂ ಮಾರಾಟಕ್ಕೂ ಪೆಟ್ಟುಬಿತ್ತು.

ಕೊಳವೆಗಳನ್ನು ಬೆಸೆದು ಮಾಡಿದ ಚಾಸಿಯನ್ನು ಅವಸರವಿಲ್ಲದೆ ನೋಡಿ. ಹಿಂದೆ ಜರ್ಮನಿಯ ಆಟೋ ಯೂನಿಯನ್ ಕಂಪನಿಯ ರೇಸ್ ಕಾರುಗಳ ಮೇಲೆ ಕೆಲಸ ಮಾಡಿದ್ದ ಎಬೆರಾನ್ ಫಾನ್ ಎಬೆರ್‌ಹಾರ್ಸ್ಟ್ ಇದನ್ನು ಇಆರ್‌ಎ ಎಂಬ ಇಂಗ್ಲಿಷ್ ರೇಸ್ ಕಾರು ಸಂಸ್ಥೆಯಲ್ಲಿದ್ದಾಗ ರೂಪಿಸಿದರು. 1950ರಲ್ಲಿ ಫ್ರಾನ್ಸಿನ ಲೆ ಮಾನ್ ಓಟದಲ್ಲಿ ಟಾಮಿ ವೈಸ್ ಮತ್ತು ಟಾಮಿ ವಿಸ್ಡಮ್ ಜೋಡಿ ಜ್ಯೂಪಿಟರನ್ನು 24 ಗಂಟೆಯೂ ಗಂಟೆಗೆ 75 ಮೈಲಿಗೂ ಮೀರಿದ ಸರಾಸರಿಯಲ್ಲಿ ಓಡಿಸಿ ಒಂದೂವರೆ ಲೀಟರ್ ವರ್ಗವನ್ನು ಗೆದ್ದರು. 1951 ಮತ್ತು 1952ರಲ್ಲೂ ಆ ವರ್ಗ ಜ್ಯೂಪಿಟರಿಗೇ ಒಲಿಯಿತು. ಹೀಗಾಗಿ ತಮ್ಮ ಕಾರೂ ಲೆ ಮಾನ್‌ನಲ್ಲಿ ಓಡಿತ್ತೆಂಬ ಮಾತು ಯಾರಿಂದಲಾದರೂ ಬಂದರೆ ನೋಂದಣಿ ಸಂಖ್ಯೆಯನ್ನು ಕೇಳಿ. 1950ರಲ್ಲಿ ಗೆದ್ದದ್ದು ಜಿಕೆಡಬ್ಲ್ಯು 111. ಅದರಲ್ಲಿರುವ ಕೆಡಬ್ಲ್ಯು ಬ್ರ್ಯಾಡ್‌ಫರ್ಡ್ ಊರಿನ ಗುರುತು.

ಇನ್ನು ಮೈಕಟ್ಟು. ಮೊದಲ ಮಾದರಿಗೆ ಹೊರಗಿನಿಂದ ತೆರೆಯುವ ಡಿಕ್ಕಿಯೇ ಇರಲಿಲ್ಲ. ಸಾಮಾನನ್ನು ಸೀಟಿನ ಹಿಂದಿನಿಂದ ತೂರಿಸಬೇಕಿತ್ತು. ಡಿಕ್ಕಿಗೆ ಮುಚ್ಚಳ ಬಂದದ್ದು ಮಾರ್ಕ್ 1ಎ ಮಾದರಿಯಲ್ಲಿ. 'ಎಸ್‌ಎ' ಫಲಕವಿರುವ ಕಾರಿಗೆ ಮುಚ್ಚಳವಿದ್ದರೆ ಯಾರೋ ನಂತರ ಕತ್ತರಿಸಿ ಕೂರಿಸಿರಬಹುದು. ಅಲ್ಯೂಮಿನಿಯಂ ತಗಡಿನ ಅಂಚನ್ನು ಒಳಗಿನಿಂದ ಬೆರಳಾಡಿಸಿ ಪರೀಕ್ಷಿಸಿ. ಆದರೆ ಮೈಕಟ್ಟು ಪೂರ್ತಿ ಬೇರೆಯಾಗಿ ಕಂಡರೆ ಗಾಬರಿ ಬೇಡ. ಹಲವು ಚಾಸಿಗಳು ಬರಿಮೈಯಲ್ಲೇ ಮಾರಾಟವಾಗಿ ಫಾರ್ನಮ್‌ನ ಅಬಟ್, ಇಟಲಿಯ ಸ್ತಬಿಲಿಮೆಂತಿ ಫರೀನಾ ಮುಂತಾದ ಬಾಡಿ ಕಟ್ಟುವವರ ಕೈಯಲ್ಲಿ ಹೊಸ ರೂಪ ಪಡೆದವು. ನನ್ನ ಮಟ್ಟಿಗೆ ಈ ಕಾರುಗಳ ಶೋಧನೆಯೇ ಎಲ್ಲಕ್ಕಿಂತ ಸೊಗಸಿನದು.

ಫಲಕದ ಅಂಕಿ ನಾಲ್ಕಾಗಿದ್ದರೆ ನಿಮ್ಮ ಮುಂದಿರುವುದು ಕೊನೆಯ ವರ್ಷದ ಕಾರು. ಜಾವೆಲಿನ್‌ಗೆ ಬಾಡಿ ಪೂರೈಸುತ್ತಿದ್ದ ಬ್ರಿಗ್ಸ್ ಕಂಪನಿಯು 1953ರಲ್ಲಿ ಫೋರ್ಡ್ ವಶವಾಯಿತು. ಜಾವೆಲಿನ್ ನಿಂತ ಮೇಲೆ ಅದರ ಎಂಜಿನ್ ನೆಚ್ಚಿದ್ದ ಜ್ಯೂಪಿಟರ್ ಬಹಳ ದಿನ ಉಳಿಯಲಿಲ್ಲ. 1954ರಲ್ಲಿ ಐಡಲ್ ಕಾರ್ಖಾನೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಪಾಲಾಯಿತು.

ಇಷ್ಟನ್ನು ಬರೆದಿಟ್ಟುಕೊಂಡ ಮೇಲೆ ಫಲಕ, ಎಂಜಿನ್ ಸಂಖ್ಯೆ ಮತ್ತು ಹಿಂಭಾಗದ ಚಿತ್ರಗಳನ್ನು 1962ರಲ್ಲಿ ಆರಂಭವಾದ ಜ್ಯೂಪಿಟರ್ ಓನರ್ಸ್ ಆಟೋ ಕ್ಲಬ್ಬಿಗೆ ಕಳುಹಿಸಿ, ಅಲ್ಲಿಂದ ಬಂದ ವಿವರದ ಪಕ್ಕದಲ್ಲಿ ನೀವೇ ಕಂಡದ್ದನ್ನು ಬೇರೆ ಶಾಯಿಯಲ್ಲಿ ಗುರುತಿಸಿ.