ದಮ್ಮಿನವರನ್ನು ಹೊರಸಿನಿಂದ ಎಬ್ಬಿಸಿದ ನನ್ನ ಅನುಭವ

ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು (ಏದುಸಿರು) ಹತ್ತುವ ದೀರ್ಘಕಾಲದ ಕಾಯಿಲೆಯ ರೋಗಿಗಳಿಗೆ ನಡಿಗೆ ಬೇಕೆಂದು ನಾವೆಲ್ಲ ಫಿಸಿಯೋಥೆರಪಿಸ್ಟರು ಹೇಳುತ್ತೇವೆ. ಕಲಬುರಗಿಯಲ್ಲಿ ನನಗೆ ಫಲ ಕೊಟ್ಟದ್ದು ಮಾತ್ರ ನಡಿಗೆಯಲ್ಲ, ಅವರು ಗಂಟೆಗಟ್ಟಲೆ ಕೂರುವುದನ್ನು ತಪ್ಪಿಸಿದ್ದು. ಕುಳಿತು ಎದ್ದರೆ ಶ್ವಾಸಕೋಶ ಸರಿಹೋಗುತ್ತದೆಯೇ ಎಂದು ಹಿರಿಯ ವೈದ್ಯರೊಬ್ಬರು ಕೇಳಿದ್ದರು. ಶ್ವಾಸಕೋಶ ಸರಿಹೋಗುವುದಿಲ್ಲ, ತೊಡೆಗೆ ಬಲ ಬರುತ್ತದೆ, ಅಷ್ಟೇ ಕೆಲಸಕ್ಕೆ ದಮ್ಮು ಕಡಿಮೆ ಹತ್ತುತ್ತದೆ.

ಮೊದಲು ಹೆಜ್ಜೆ ಎಣಿಸುವ ಯಂತ್ರಗಳಿಗೆ ಐದಾರು ಸಾವಿರ ರೂಪಾಯಿ ಸುರಿದೆ; ಅವು ಮೊಮ್ಮಕ್ಕಳ ಸೊಂಟ ಸೇರಿದವು. ಅನಂತರ ಊರಿನ 'ಅಪ್ಪನ ಕೆರೆ' ಎಂಬ ಕೆರೆಯ ದಂಡೆಯಲ್ಲಿ ಮುಂಜಾನೆಯ ಗುಂಪು ನಡಿಗೆ ಇಟ್ಟೆ. ಹೋಗಿಬರಲು ಆಟೋಗೆ ನೂರರ ಮೇಲೆ ಬೇಕು, ಜೊತೆಗೆ ಬರುವ ಮಗನ ಅರ್ಧ ದಿನದ ಕೂಲಿ ಹೋಗುತ್ತದೆ, ಏಪ್ರಿಲ್ ಬಂದರೆ ಎಂಟು ಗಂಟೆಗೇ ಬಿಸಿಲು ಸುಡುತ್ತದೆ. ಹೀಗಾಗಿ ಗುಂಪು ಕರಗಿತು.

ಮನೆಗಳಿಗೇ ಹೋದಾಗ ಕಾರಣ ಕಂಡಿತು. ಹೊರಸಿನ (ಹಗ್ಗದ ಮಂಚದ) ಸುತ್ತ ಕೈಗೆಟಕುವಂತೆ ತಂಬಿಗೆ, ಮಾತ್ರೆ, ರಿಮೋಟ್, ಮೊಬೈಲು ಎಲ್ಲವನ್ನೂ ಜೋಡಿಸಿಟ್ಟಿದ್ದರು. "ಅಪ್ಪಗ ದಮ್ಮು ಹತ್ತತದ್ರಿ ಸರ್, ಎಬ್ಬಿಸಬ್ಯಾಡ್ರಿ" ಎಂದು ಸೊಸೆ ಹೇಳುತ್ತಿದ್ದುದು ಪ್ರೀತಿಯಿಂದಲೇ. ಆ ಪ್ರೀತಿಯೇ ರೋಗಿಯ ಕಾಲನ್ನು ಸೊರಗಿಸುತ್ತಿತ್ತು. ತಂಬಿಗೆಯನ್ನು ಪಡಸಾಲೆಯ ಆಚೆ ತುದಿಗೆ, ಮೊಬೈಲನ್ನು ಅಡುಗೆಮನೆಯ ಬಾಗಿಲಿಗೆ ಸರಿಸಿದೆ. ಜೋತುಬಿದ್ದ ಹೊರಸಿನಿಂದ ಏಳುವುದು ಕಷ್ಟವಾದ್ದರಿಂದ ಹಗಲಿಗೆ ಗಟ್ಟಿ ಕುರ್ಚಿ ಹಾಕಿಸಿದೆ. ಅರ್ಧ ಗಂಟೆಗೊಮ್ಮೆ ಐದು ಸಲ ಏಳಬೇಕು, ಏಳುವಾಗ ತುಟಿ ಮೊನೆಮಾಡಿ ಉಸಿರು ಬಿಡಬೇಕು. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರಿನಲ್ಲಿ ಶೇ. 92 ಇದ್ದದ್ದು 89ಕ್ಕೆ ಇಳಿದು, ನಿಮಿಷದೊಳಗೆ ಮೇಲೇರುವುದನ್ನು ಸೊಸೆಗೂ ತೋರಿಸಿದೆ. ಅವಳ ಭಯ ಹೋಗಿದ್ದು ಆಗಲೇ. 88ಕ್ಕಿಂತ ಕೆಳಗಿಳಿದವರನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಕಳುಹಿಸುತ್ತಿದ್ದೆ.

ಎರಡು ತಿಂಗಳ ಹೊತ್ತಿಗೆ ಶಹಾಬಾದ್ ಕಡೆಯ ಕಲ್ಲು ಗಣಿಯಲ್ಲಿ ದುಡಿದ ಒಬ್ಬರು ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಸುಮಾರು 240 ಮೀಟರಿನಿಂದ 290ರ ಹತ್ತಿರ ಬಂದರು. 30 ಮೀಟರ್ ಹೆಚ್ಚಿದರೇ ಗಣನೀಯವೆನ್ನುವ ನಮ್ಮ ವೃತ್ತಿಯಲ್ಲಿ ಇದು ಸಣ್ಣ ಫಲವಲ್ಲ. ಪ್ರಶ್ನೆ ಕೇಳಿದ್ದ ವೈದ್ಯರೇ ಈಗ ನನ್ನಲ್ಲಿಗೆ ರೋಗಿಗಳನ್ನು ಕಳುಹಿಸುತ್ತಾರೆ.

ಇದರ ನಡುವೆ ಸ್ನಾನದ ಮೇಲೂ ಒಂದು ಪ್ರಯೋಗ ಮಾಡಿದೆ. ಕುಕ್ಕರುಗಾಲಿನಲ್ಲಿ ಕುಳಿತು, ಕೈ ಎತ್ತಿ ತಲೆಗೆ ನೀರು ಸುರಿದುಕೊಳ್ಳುವಾಗ ಹಲವರಿಗೆ ನಡಿಗೆಗಿಂತ ಹೆಚ್ಚು ದಮ್ಮು ಹತ್ತುತ್ತಿತ್ತು. ಎತ್ತರದ ಸ್ಟೂಲು, ಸಣ್ಣ ಚೊಂಬು, ನೀರು ಸುರಿಯುವಾಗ ಉಸಿರು ಬಿಡುವ ರೂಢಿ ಇಷ್ಟನ್ನೇ ಬದಲಿಸಿದೆ. ಖರ್ಚು ಇನ್ನೂರು ರೂಪಾಯಿಯ ಆಸುಪಾಸು. ವಾರಕ್ಕೊಮ್ಮೆ ಮೀಯುತ್ತಿದ್ದವರು ದಿನ ಬಿಟ್ಟು ದಿನ ತಾವಾಗಿಯೇ ಬಚ್ಚಲಿಗೆ ಹೋಗತೊಡಗಿದರು.