ಉಗಿ ಲಾಂಚಿನ ದುರಸ್ತಿ: ಉಳಿಸಿದ್ದು, ಬದಲಿಸಿದ್ದು

ಇಂಗ್ಲೆಂಡಿನ ವಿಂಡರ್‌ಮಿಯರ್‌ಗೆ 1847ರಲ್ಲಿ ರೈಲು ಬಂದ ಮೇಲೆ ಲ್ಯಾಂಕಾಷೈರಿನ ಗಿರಣಿ ಮಾಲೀಕರು ಆ ಸರೋವರದ ದಡದಲ್ಲಿ ಬಂಗಲೆಗಳನ್ನು ಕಟ್ಟಿಸಿ, ವಿಹಾರಕ್ಕೆ ಸ್ವಂತ ಉಗಿ ಲಾಂಚುಗಳನ್ನು ಇಟ್ಟುಕೊಂಡರು. ಬ್ಯಾರೋದ ಕಬ್ಬಿಣದ ಉದ್ಯಮಿ ಎಚ್. ಡಬ್ಲ್ಯು. ಷ್ನೈಡರ್ ಅವರು 1869ರಲ್ಲಿ ಕಟ್ಟಿಸಿದ ‘ಎಸ್ಪರಾನ್ಸ್’ನಲ್ಲಿ ಉಪಾಹಾರ ಸೇವಿಸುತ್ತಲೇ ದಕ್ಷಿಣದ ತುದಿ ತಲುಪಿ, ಅಲ್ಲಿಂದ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ವಿಕ್ಟೋರಿಯಾ ಕಾಲದ ಕೊನೆಯ ವರ್ಷಗಳಿಗೆ ಸೇರಿದ, ಸಾಗುವಾನಿ ಹಲಗೆಯ ಒಂದು ಖಾಸಗಿ ಲಾಂಚಿನ ದುರಸ್ತಿಗೆ ನಾನು ಯಂತ್ರದ ಕೆಲಸ ಬಲ್ಲವನೆಂದು ಸೇರಿಕೊಂಡೆನಾದರೂ, ಮೊದಲ ಚಳಿಗಾಲವೆಲ್ಲ ಮರದ ಕೆಲಸದಲ್ಲೇ ಕಳೆಯಿತು.

ನೀರಿನಲ್ಲೇ ಬಾಳಿದ ಮರ ಶೆಡ್ಡಿನಲ್ಲಿ ಬೇಗನೆ ಒಣಗಿದರೆ ಹಲಗೆಗಳು ಕುಗ್ಗಿ ಸೀಳುತ್ತವೆ. ಆದ್ದರಿಂದ ಕೆಲಸ ನಡೆದಷ್ಟು ಕಾಲವೂ ಒಡಲಿನೊಳಗೆ ಒದ್ದೆ ಗೋಣಿಗಳನ್ನು ಹಾಸಿಟ್ಟಿದ್ದೆವು. ಒಳಗಿನ ಬಾಗಿದ ಪಕ್ಕೆಮರಗಳನ್ನೆಲ್ಲ ಒಟ್ಟಿಗೆ ಕಿತ್ತರೆ ದೋಣಿಯ ಆಕಾರವೇ ಕುಸಿಯುತ್ತದೆಂದು ಒಂದು ಬಿಟ್ಟು ಒಂದರಂತೆ ಬದಲಿಸಿದೆವು. ಓಕ್ ಪಟ್ಟಿಯನ್ನು ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆಯ ಲೆಕ್ಕದಲ್ಲಿ ಹಬೆಪೆಟ್ಟಿಗೆಯಲ್ಲಿ ಬೇಯಿಸಿ, ಅದರ ಬಿಸಿ ಆರುವ ಮೊದಲೇ ಬಗ್ಗಿಸಿ ಕೂರಿಸಬೇಕು. ಅದಕ್ಕೆ ತಾಮ್ರದ ಮೊಳೆ ಹೊಡೆದು, ಒಳತುದಿಗೆ ತಾಮ್ರದ ಬಿಲ್ಲೆ ತೊಡಿಸಿ ತಟ್ಟಿ ಬಿಗಿಯುವ ಕೆಲಸಕ್ಕೆ ಹೊರಗೊಬ್ಬರು, ಒಳಗೊಬ್ಬರು ಬೇಕೇ ಬೇಕು.

ಬಾಯ್ಲರಿನ ವಿಷಯದಲ್ಲಿ ನನಗೆ ಹಿಂಜರಿಕೆ ಇರಲಿಲ್ಲ. ತಗಡು ತುಕ್ಕಿನಿಂದ ತೆಳುವಾಗಿತ್ತು. ಅಲ್ಲದೆ ಅದು ಮೂಲದ್ದೂ ಅಲ್ಲ. ಬಾಯ್ಲರಿನ ಆಯುಷ್ಯ ದೋಣಿಯದಕ್ಕಿಂತ ಕಡಿಮೆಯಾದ್ದರಿಂದ ಇಂಥ ಲಾಂಚುಗಳು ಹಿಂದೆಯೂ ಹಲವು ಬಾಯ್ಲರುಗಳನ್ನು ಕಂಡಿರುತ್ತವೆ. ಹೊಸದನ್ನು ತಣ್ಣೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡಕ್ಕೆ ಪರೀಕ್ಷಿಸಲಾಯಿತು. ನೀರು ಗಾಳಿಯಂತೆ ಅಡಕಗೊಳ್ಳದ ಕಾರಣ, ಬೆಸುಗೆ ಬಿಟ್ಟರೂ ಸೋರಿಕೆಯಾಗುತ್ತದೆಯೇ ಹೊರತು ಸ್ಫೋಟವಾಗುವುದಿಲ್ಲ.

ಎಂಜಿನ್ ಮಾತ್ರ ಮೂಲದ್ದೇ, ಹಾಗಾಗಿ ಅದನ್ನು ಬದಲಿಸುವ ಮಾತಿಗೆ ನಾನು ಒಪ್ಪಲಿಲ್ಲ. ಉಗಿ ಮೊದಲು ಚಿಕ್ಕ ಸಿಲಿಂಡರಿನಲ್ಲಿ ಹಿಗ್ಗಿ, ಉಳಿದ ಬಲದಿಂದ ದೊಡ್ಡದನ್ನು ದೂಡಿ, ಆಮೇಲೆ ದೋಣಿಯ ತಳದ ಹೊರಗೆ ಹರಿದ ತಾಮ್ರದ ಕೊಳವೆಯಲ್ಲಿ ಸರೋವರದ ತಂಪಿಗೆ ನೀರಾಗಿ ಬಾಯ್ಲರಿಗೆ ಮರಳುತ್ತದೆ. ಸವೆದ ಬೇರಿಂಗುಗಳಿಗೆ ಬಿಳಿಲೋಹವೆಂಬ ಮೃದು ಮಿಶ್ರಲೋಹವನ್ನು ಹೊಸದಾಗಿ ಎರಕ ಹೊಯ್ದು, ಶಾಫ್ಟಿಗೆ ಹೊಂದುವವರೆಗೆ ಕೈಯಿಂದಲೇ ಕೆರೆದು ಕೂರಿಸಿದೆ. ಮರಳುವ ನೀರಿನೊಂದಿಗೆ ಸಿಲಿಂಡರಿನ ಎಣ್ಣೆಯೂ ಬರುವುದರಿಂದ ತೊಟ್ಟಿಯಲ್ಲಿ ಟರ್ಕಿ ಟವೆಲಿನ ತುಂಡುಗಳನ್ನು ಇಟ್ಟು ಸೋಸುತ್ತೇನೆ. ಎಣ್ಣೆ ಬಾಯ್ಲರಿನ ಒಳಹೊಕ್ಕು ಅದರ ಕೊಳವೆಗಳಿಗೆ ಅಂಟಿದರೆ ಶಾಖ ನೀರಿಗೆ ದಾಟದೆ ಲೋಹವೇ ಕಾದು ಕೆಡುತ್ತದೆ. ದುಬಾರಿ ಸೋಸುಕಗಳು ಸಿಗುತ್ತವೆ, ಆದರೆ ಟವೆಲು ಕೊಳೆಯಾದದ್ದು ಕಣ್ಣಿಗೆ ಕಾಣುತ್ತದೆ.

ವಿಂಡರ್‌ಮಿಯರ್ ಕೆಟಲ್ ಎಂದು ಇಲ್ಲಿನವರು ಕರೆಯುವ, ಒಳಗಿನ ಸುರುಳಿಯಲ್ಲಿ ಬಾಯ್ಲರಿನ ಉಗಿ ಹಾಯಿಸಿ ಚಹಾದ ನೀರನ್ನು ಕ್ಷಣಾರ್ಧದಲ್ಲಿ ಕುದಿಸುವ ತಾಮ್ರದ ಪಾತ್ರೆಯನ್ನೂ ಸರಿಪಡಿಸಿದೆವು. ಮಾಲೀಕರಿಗೆ ಎಂಜಿನ್ನಿಗಿಂತ ಅದೇ ಹೆಚ್ಚು ಮೆಚ್ಚುಗೆಯಾದಂತಿದೆ.

ಹೊಸ ಮರಕ್ಕೆ ಬಣ್ಣ ಹಚ್ಚಿ ಹಳೆಯದೆಂದು ತೋರಿಸುವುದು ನನಗೆ ಸರಿಬೀಳಲಿಲ್ಲ. ಸೇರಿಸಿದ ಪ್ರತಿ ತುಂಡಿನ ಒಳಮುಖದಲ್ಲಿ ಇಸವಿ ಕೊರೆದಿದ್ದೇವೆ. ಮುಂದೆ ಇದನ್ನು ಬಿಚ್ಚುವವರಿಗೆ ಯಾವುದು ಮೂಲದ್ದು, ಯಾವುದು ನಮ್ಮದು ಎಂದು ಊಹಿಸುವ ಕಷ್ಟ ಬೇಡ.